ಖನಾಜೀರ ಎಂದರೆ ಊರು ಬಿಡಿಸುವ ರೋಗವಲ್ಲ

"ತಲಿ ಗಟ್ಟಿ ಹಿಡಿ," ಎನ್ನುತ್ತ ಹಾವಗೆಪ್ಪ ಒಲೆಯಿಂದ ಕಾದ ಕುಡಗೋಲು ಎಳೆದ. ಅವನ ಹೆಂಡತಿ ಗುರಮ್ಮ, ಮಗಳು ಕಸ್ತೂರಿಯ ತಲೆ ಹಿಡಿದಳು. ಹುಡುಗಿ ಕಾಲು ಝಾಡಿಸಿದಳು. ಅವಳ ಕೊರಳಲ್ಲಿ ಸಾಲಾಗಿ ಮೂರು ಗಂಟು.

ಬಾಗಿಲು ತಳ್ಳಿಕೊಂಡು ನರ್ಸ್ ಅನ್ವರಿ ಬೇಗಂ ಬಂದಳು. ಸಂತಪುರದಲ್ಲಿ ಸಿಡುಬಿನ ಚುಚ್ಚುಮದ್ದು ಹಾಕುತ್ತ ಮನೆಮನೆ ತಿರುಗುತ್ತಿದ್ದಳು.

"ಅರೇ, ಹುಡುಗೀನ ಸುಡ್ತೀರೇನ್ರಿ?"

"ಮೆಲ್ಲಕ ಮಾತಾಡ್ರಿ ಬಾಯಿ," ಎಂದ ಹಾವಗೆಪ್ಪ. "ಗಡ್ಡಿ ಎದ್ದಾವ. ಪ್ಲೇಗ ಅಂತ ತಿಳಿದ್ರ ಹೊಲಕ್ಕ ಅಟ್ತಾರ. ಗಲಾಟಿದಾಗ ಊರು ಬಿಟ್ಟು ಒಂದು ವರ್ಷ ಕ್ಯಾಂಪಿನಾಗ ಇದ್ವಿ. ಪೊಲೀಸ್ ಆ್ಯಕ್ಷನ್ ಆದ ಮ್ಯಾಲೇ ಬಂದೇವಿ. ಮತ್ತ ಮನಿ ಬಿಡೂದಾ?"

"ದವಾಖಾನಿಗಿ ತೋರಿಸ್ಲಿಲ್ಲೇನು?"

ಗುರಮ್ಮ ಗೂಡಿನಿಂದ ಚೀಟಿ ತೆಗೆದಳು. ಬೀದರಿನ ಡಾಕ್ಟರು ಉರ್ದುವಿನಲ್ಲಿ ಬರೆದದ್ದು. ಅದು ಕೈಗೆ ಬಂದದ್ದೇ, ಅವರ ಮಾತು ಕೇಳುವ ಧೈರ್ಯವಿಲ್ಲದೆ, ಗಂಡ ಹೆಂಡತಿ ಊರಿಗೆ ಓಡಿ ಬಂದಿದ್ದರು. ಸುದ್ದಿ ಹಬ್ಬೀತೆಂದು ಯಾರಿಂದಲೂ ಓದಿಸಿರಲಿಲ್ಲ.

"ಖನಾಜೀರ," ಅನ್ವರಿ ಓದಿದಳು. "ನೀವು ಗಂಡಮಾಲಿ ಅಂತೀರಲ್ಲ, ಅದು. ಕ್ಷಯ ಕೊರಳಿನ ಗ್ರಂಥಿಗಿ ಬಂದದ."

"ಗಡ್ಡಿ ಅಂದ್ರ ಗಡ್ಡೀನೇ. ಹೆಸರು ಏನರ ಇರ್ಲಿ."

"ಅಲ್ರಿ ಯಜಮಾನ್ರ! ಪ್ಲೇಗಿನ ಗಡ್ಡಿ ಒಮ್ಮಿಗೇ ಏಳ್ತದ. ಮೈ ಬೆಂಕಿ ಆಗ್ತದ. ಮುಟ್ಟಿದ್ರ ಚೀರ್ತಾರ. ಇಕಿಗಿ ಎಷ್ಟ ದಿನಾ ಆತು?"

"ದೀಪಾವಳಿಯಿಂದ," ಎಂದಳು ಗುರಮ್ಮ. "ಸಂಜಿಗಿ ಸಣ್ಣ ಜ್ವರ."

"ನಾಕ ತಿಂಗಳಾತು. ಪ್ಲೇಗ ನಿಮ್ಮ ಬೀಗರೇನು, ಇಷ್ಟ ದಿನಾ ಸುಮ್ಮ ಕುಂಡ್ರಲಿಕ್ಕ? ಸುಟ್ರ ಚರ್ಮ ಸುಡ್ತದ, ಒಳಗಿನ ಬ್ಯಾನಿ ಹಂಗೇ ಇರ್ತದ."

ಹಾವಗೆಪ್ಪ ಕುಡಗೋಲನ್ನು ನೀರಿಗೆ ಅದ್ದಿದ.

"ದವಾಖಾನಿಗಿ ಯಾವಾಗ ಹೋಗ್ಬೇಕ್ರಿ?"

"ನಾಳೆ ಮುಂಜಾನೀನೇ. ಔಷಧ ತಿಂಗಳಗಟ್ಲೆ ನಡೀತದ, ನಡಬರಕ ಬಿಡಬ್ಯಾಡ್ರಿ. ಹಾಲು ಕಾಸೇ ಕುಡಸ್ರಿ."

ಹೊರಗೆ ಬಂಡಿ ನಿಂತಿತು. ನೆರೆಮನೆಯ ಮಲ್ಲಿಕಾರ್ಜುನಪ್ಪ ಬಗ್ಗಿ ನೋಡಿದ.

"ಗುರಮ್ಮಾ, ಪ್ಲೇಗ ಅಂತ ಮಂದಿಗಿ ಸುಳಿವು ಹತ್ತೇದ. ನನ್ನ ಹೊಲದಾಗ ಗುಡಿಸಲ ಅದ. ಹಾಸಿಗಿ ಹೊದಿಕಿ ತಗೊಂಡು ಬಂಡಿ ಹತ್ರಿ. ನಿಮ್ಮ ಚಲೋದಕ್ಕೇ ಹೇಳ್ತೇನಿ."

ಗುರಮ್ಮ ಉತ್ತರ ಕೊಡುವ ಮುನ್ನ ನಿಮಗೊಂದು ಮಾತು. ಅಕ್ಕಂದಿರೇ, ಅಣ್ಣಂದಿರೇ, ಕೊರಳಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಎದ್ದರೆ ಸುಡಬೇಡಿ, ಸೆರಗಿನಲ್ಲಿ ಮುಚ್ಚಬೇಡಿ. ಜೋರು ಜ್ವರವಿದ್ದರೆ ಅಂದೇ ದವಾಖಾನೆಗೆ ಹೋಗಿ. ಜ್ವರವಿಲ್ಲದಿದ್ದರೂ ಗಂಟು ಎರಡು ವಾರ ಇಳಿಯದಿದ್ದರೆ ಹೋಗಿ. ರೋಗದ ಹೆಸರು ಕೇಳಿ, ಅರ್ಥವನ್ನೂ ಕೇಳಿ, ತಿಳಿಯುವ ತನಕ ಅಲ್ಲಿಂದ ಏಳಬೇಡಿ.

ಗುರಮ್ಮ ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಹೊಸ್ತಿಲಲ್ಲಿ ಕುಳಿತಳು.

"ಬಂಡಿ ಹೊಳ್ಳಿಸ್ಕೋರಿ ಅಣ್ಣಾ. ನಾ ಹತ್ತಂಗಿಲ್ಲ."