ತೊಳೆದ ವ್ಯಾನಿನ ಬಿಕ್ಕಳಿಕೆ

ಬೇಕರಿಯ ಹಳೆಯ ವ್ಯಾನಿಗೆ ಕೆಟ್ಟ ಚಾಳಿಯೊಂದು ಹತ್ತಿತ್ತು. ಬೆಳಿಗ್ಗೆ ಬ್ರೆಡ್ಡಿನ ಟ್ರೇಗಳನ್ನು ಹೇರಿಕೊಂಡು ಏರು ರಸ್ತೆಗೆ ಬಂದಿತೋ ಇಲ್ಲವೋ, ಎಂಜಿನ್ನಿಗೆ ಬಿಕ್ಕಳಿಕೆ ಶುರು. ಸ್ಟೇರಿಂಗು ನಡುಗುತ್ತಿತ್ತು, ಹಿಂದೆ ಟ್ರೇಗಳು ಗಡಗಡ ಎನ್ನುತ್ತಿದ್ದವು. ವ್ಯಾನು ಓಡಿಸುವ, ಬೇಕರಿ ಮನೆಯ ಸೊಸೆ ಹಲ್ಲು ಕಚ್ಚಿಕೊಂಡು ಮೊದಲನೇ ಗೇರಿನಲ್ಲೇ ಏರು ಹತ್ತಿಸುತ್ತಿದ್ದಳು. ಅಂಗಡಿ ಅಂಗಡಿಗೂ ಬ್ರೆಡ್ಡು ಹಾಕಿ, ಕೊನೆಗೆ ಮೆಕ್ಯಾನಿಕ್ಕನ ಶೆಡ್ಡಿಗೆ ಹೋಗಿ ನಿಲ್ಲಿಸಿದರೆ ಅದು ಏನೂ ಅರಿಯದ ಹಸುಗೂಸು!

ಮೆಕ್ಯಾನಿಕ್ಕನನ್ನು ಎಲ್ಲರೂ ಮೌನಿ ಎಂದು ಕರೆಯುತ್ತಿದ್ದರು. ಅವನ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಬಂದ ಹೆಸರು ಅದು.

"ಮತ್ತೆ ಬಂದ್ಯಾ ತಾಯಿ? ಪ್ಲಗ್ಗು ಬದಲಾಯಿಸಿದೆ, ಪೆಟ್ರೋಲು ಬರೋ ದಾರಿಯೆಲ್ಲ ಶುದ್ಧ ಮಾಡಿದೆ. ಇನ್ನು ನನ್ನ ತಲೆಯೊಂದು ಬಿಚ್ಚಿ ನೋಡೋದು ಬಾಕಿ."

"ಅದನ್ನ ಬಿಚ್ಚಬೇಡಿ ಅಣ್ಣ, ಆಮೇಲೆ ಜೋಡಿಸೋರು ಯಾರು?"

ಸೊಸೆ ನಕ್ಕಳು, ಆದರೆ ಅದು ನಗುವ ಹೊತ್ತಾಗಿರಲಿಲ್ಲ. ವ್ಯಾನು ಕೈಕೊಟ್ಟು ಕೊಟ್ಟು ಅವಳ ಗಂಡನಿಗೆ ಸಾಕಾಗಿಹೋಗಿತ್ತು. ಶನಿವಾರದೊಳಗೆ ಸರಿಹೋಗದಿದ್ದರೆ ಗುಜರಿಯವನಿಗೆ ಎತ್ತಿಕೊಟ್ಟುಬಿಡುವುದೆಂದು ಹೇಳಿಬಿಟ್ಟಿದ್ದ. ಅವನು ಹಾಗೆಂದಾಗ ಮಾವನವರು ಅಂಗಳದಲ್ಲಿ ವ್ಯಾನು ತೊಳೆಯುತ್ತಿದ್ದರು. ಕೇಳಿಸಿಯೂ ಕೇಳಿಸದವರಂತೆ ಚಕ್ರ ಉಜ್ಜುತ್ತಲೇ ಇದ್ದರು.

ಅದು ಅವರ ವ್ಯಾನು. ಕಣ್ಣು ಮಂಜಾಗುವವರೆಗೂ ಅವರೇ ಓಡಿಸಿದ್ದು. ಆಮೇಲೆ, "ಇವನು ಹಿಟ್ಟು ನಾದಲಿ, ಇವನ ಕೈಗೆ ಗಾಡಿ ಕೊಟ್ರೆ ಅದನ್ನೂ ನಾದಿಬಿಡ್ತಾನೆ" ಎಂದು ಮಗನನ್ನು ಬಿಟ್ಟು ಸೊಸೆಗೆ ಓಡಿಸಲು ಕಲಿಸಿ, ಕೀಲಿಕೈ ಕೊಟ್ಟಿದ್ದರು. ತಮಗೆಂದು ಉಳಿಸಿಕೊಂಡದ್ದು ಸಂಜೆಯ ಸ್ನಾನ ಮಾಡಿಸುವ ಕೆಲಸವೊಂದೇ. ಪೈಪು ಹಿಡಿದು ಮೈ, ಚಕ್ರ, ಆಮೇಲೆ ಬಾನೆಟ್ಟು ಎತ್ತಿ ಎಂಜಿನ್ನು. ಕೈಗೆ ತಗುಲಿದ್ದನ್ನೆಲ್ಲ ಒರೆಸಿ ಫಳಫಳ ಎನ್ನಿಸಿದ ಮೇಲೆಯೇ ಅವರು ಊಟಕ್ಕೆ ಕೂರುತ್ತಿದ್ದದ್ದು.

ಮೌನಿ ಗಲ್ಲ ಕೆರೆದುಕೊಂಡ. "ಇದು ಬಿಸಿ ಏರಿದ ಮೇಲೆ ಸುಮ್ಮನಾಗ್ತದೆ. ನಾಳೆ ನೀನು ಬರಬೇಡ, ನಾನೇ ಬರ್ತೀನಿ. ಇನ್ನೂ ತಣ್ಣಗಿರುವಾಗಲೇ ಹಿಡೀಬೇಕು ಕಳ್ಳನ್ನ."

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಬಂದ. ಬಾನೆಟ್ಟು ಎತ್ತಿ, ಪ್ಲಗ್ಗುಗಳಿಗೆ ಕಿಡಿ ತರುವ ವೈರುಗಳನ್ನು ಒಂದೊಂದಾಗಿ ಕಿತ್ತ. ಮೂರನೆಯ ವೈರಿನ ತುದಿಯ ರಬ್ಬರ್ ಟೋಪಿಯಿಂದ ನೀರು ತೊಟಕ್ಕೆಂದು ಬಿತ್ತು. ಟೋಪಿಯ ಅಡಿಯಲ್ಲಿ ಕೂದಲೆಳೆಯಷ್ಟು ಸೀಳು. ಅದರೊಳಗಿಂದ ನೀರು ನುಗ್ಗಿ ಪ್ಲಗ್ಗಿನ ಕುಳಿಯಲ್ಲಿ ನಿಂತಿತ್ತು. ಕಿಡಿ ಪ್ಲಗ್ಗಿಗೆ ಹೋಗುವ ಬದಲು ನೀರಿನ ದಾರಿ ಹಿಡಿಯುತ್ತಿತ್ತು. ಸುತ್ತು ಮುಗಿಯುವಷ್ಟರಲ್ಲಿ ಎಂಜಿನ್ನಿನ ಕಾವಿಗೆ ಎಲ್ಲ ಆರಿ, ಶೆಡ್ಡಿನಲ್ಲಿ ನೋಡಿದರೆ ಏನೂ ಇಲ್ಲ.

"ಅಯ್ಯೋ ಶಿವನೇ, ಯಾರಪ್ಪ ಇದಕ್ಕೆ ದಿನಾ ತಲೆಗೆ ನೀರು..." ಎಂದು ಗಂಟಲೆತ್ತಿದ ಮೌನಿಗೆ ಸೊಸೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಬಾಗಿಲಲ್ಲಿ ಮಾವನವರು ನಿಂತಿದ್ದರು. ಮೌನಿ ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರು ಉಳಿಸಿಕೊಂಡ.

"ಏನು ಸಿಕ್ತು?"

"ಟೋಪಿ ಸೀಳಿದೆ ಮಾವ. ಹಳೇದು. ಅಣ್ಣ ಹೊಸ ವೈರು ಹಾಕ್ತಾರೆ."

"ಕೊಡು ಇಲ್ಲಿ." ಅವರು ಟೋಪಿಯನ್ನು ಬೆರಳಲ್ಲಿ ಹೊರಳಿಸಿದರು. ಬೆರಳು ಒದ್ದೆಯಾಯಿತು. ಪಂಚೆಗೆ ಒರೆಸಿಕೊಂಡು ಒಳಗೆ ಹೋದರು.

ಮೌನಿ ಹೊಸ ವೈರು ಹಾಕಿ, ಕುಳಿಯ ನೀರು ಒರೆಸಿ ಹೋದ. ಅಂದು ವ್ಯಾನು ಬಿಕ್ಕಲಿಲ್ಲ. ಆದರೆ ಸಂಜೆ ಅದು ಧೂಳು ಮೆತ್ತಿಕೊಂಡೇ ನಿಂತಿತ್ತು. ಪೈಪು ಮೂಲೆಯಲ್ಲಿ ಸುತ್ತಿಕೊಂಡು ಬಿದ್ದಿತ್ತು. ಮಾವನವರು ಜಗಲಿಯಲ್ಲಿ ಕೈಕಟ್ಟಿ ಕೂತಿದ್ದರು. ಕೆಲಸವಿಲ್ಲದ ಆ ಕೈಗಳನ್ನು ಅವಳು ನೋಡಿದ್ದೇ ಅಪರೂಪ. ಅವಳು ಪೈಪನ್ನು ತಂದು ಅವರ ಕಾಲ ಬಳಿ ಹಾಕಿದಳು.

"ಏಳಿ ಮಾವ. ಹೊಸ ಟೋಪಿ ನೀರು ತಡೀತದೋ ಇಲ್ವೋ ನೋಡ್ಬೇಕು."

"ಬೇಡಮ್ಮ. ಎಲ್ಲಿ ನೀರು ಬಿಡ್ತೀನೋ ನಂಗೇ ಕಾಣಲ್ಲ. ನಾಳೆ ಶನಿವಾರ, ಮತ್ತೆ ಬಿಕ್ಕಿದ್ರೆ ಗುಜರಿಯವನು ಬಂದುಬಿಡ್ತಾನೆ."

"ಮಳೆಗಾಲ ಬಂದ್ರೆ ಹೇಗೂ ನೆನೀತದೆ. ಈಗಲೇ ಗೊತ್ತಾಗಲಿ. ನಿಮ್ಮಷ್ಟು ಧಾರಾಳವಾಗಿ ಸುರಿಯೋರು ಬೇರೆ ಯಾರಿದ್ದಾರೆ?"

"ಹಂಗಿಸ್ತೀಯಾ ನನ್ನ?"

"ಹ್ಞೂಂ. ಸ್ವಲ್ಪ."

ಮುದುಕರ ಮೀಸೆ ಅಲ್ಲಾಡಿತು. ಎದ್ದು ಪೈಪು ಹಿಡಿದರು. ಅವಳು ಬೇಕೆಂದೇ ಬಾನೆಟ್ಟು ಎತ್ತಿ ಹಿಡಿದುಕೊಂಡಳು. ನೀರು ಬೀಳುತ್ತಿದ್ದಷ್ಟು ಹೊತ್ತೂ ಅವಳ ಕಣ್ಣು ಆ ಹೊಸ ಟೋಪಿಯ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ಮಾವನವರೂ ಪಕ್ಕದ ಸೀಟಿಗೆ ಹತ್ತಿದರು. ಏರು ಬಂತು. ಅವಳು ಮೊದಲನೇ ಗೇರಿಗೆ ಇಳಿಸಿದಳು. ಅವರು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಕೂತಿದ್ದರು. ಅರ್ಧ ಏರು ಕಳೆಯಿತು. ಹಿಂದೆ ಟ್ರೇಗಳು ತೆಪ್ಪಗಿದ್ದವು.

"ಎಷ್ಟು ಹೊತ್ತು ಹೀಗೆ ಗೋಳಾಡಿಸ್ತೀಯೇ ಪಾಪದ್ದನ್ನ?" ಮಾವನವರು ಕಣ್ಣು ಬಿಡದೆಯೇ ಗದರಿದರು. "ಎರಡನೇ ಗೇರಿಗೆ ಹಾಕು."

ಅವಳು ಹಾಕಿದಳು.