ಇಲ್ಲದ ಗಡಿಪಾಲನ ಕಾಗದ

ಗಡಿಯ ಹಳ್ಳ ದಾಟುವಾಗಲೆಲ್ಲ ಡ್ಯಾಂಡ್ ಕ್ರೋಝಿಯರ್ ನಡುನೀರಿನಲ್ಲಿ ನಿಂತು, ಬಲಗೈ ಎತ್ತಿ, ಆಚೆ ದಡದಲ್ಲಿ ನರಪಿಳ್ಳೆ ಇಲ್ಲದಿದ್ದರೂ, "ಸ್ಕಾಟ್ಲೆಂಡಿನೋನು ಬರ್ತಿದೀನಿ, ಒಪ್ಪಿಗೆ ಇದೆಯಾ?" ಎಂದು ಕೂಗಿ ಉತ್ತರಕ್ಕೆ ಕಾಯುತ್ತಿದ್ದ. ಒಮ್ಮೆ ಇಂಗ್ಲೆಂಡಿನ ಕುರಿಯೊಂದು ಅರಚಿದ ಮೇಲೆಯೇ ಮುಂದೆ ಹೆಜ್ಜೆ ಇಟ್ಟನಂತೆ. ನಮ್ಮ ಸ್ಕಾಟ್ಲೆಂಡಿನ ದೊರೆ ಲಂಡನ್ನಿಗೆ ಹೋಗಿ ಎರಡೂ ರಾಜ್ಯಗಳ ಕಿರೀಟವನ್ನು ಒಂದೇ ಶಿರಸ್ಸಿನಲ್ಲಿ ಧರಿಸಿ ಆಗಲೇ ಮೂರು ವರ್ಷ; ಗಡಿಯೇ ಇಲ್ಲವೆಂದು ಡಂಗುರ ಸಾರಿ, ಗಡಿ ಕಾಯುವ ಗಡಿಪಾಲರ ಹುದ್ದೆಯನ್ನು ರದ್ದುಮಾಡಿ, ಮನೆಮನೆಯ ಕಬ್ಬಿಣದ ಬಾಗಿಲುಗಳನ್ನು ಕರಗಿಸಿ ನೇಗಿಲ ಗುಳ ಮಾಡಿಸಿರೆಂದು ಅಪ್ಪಣೆಯಾಗಿತ್ತು. ಡ್ಯಾಂಡ್‌ನ ತಲೆಯೊಳಗಿನ ಕಬ್ಬಿಣ ಮಾತ್ರ ಕರಗಲೊಲ್ಲದು.

ಹೆಂಡತಿ ಮರಿಯನ್‌ಗೆ ಸಾಕುಸಾಕಾಗಿತ್ತು. ಮಗಳು ಈಸೊಬೆಲ್‌ಗೆ ಆಚೆ ದಡದ ನೋಬಲ್ ಮನೆತನದ ವರ ಗೊತ್ತಾಗಿ ಎರಡು ಸುಗ್ಗಿ ಕಳೆದಿತ್ತು. ಗಡಿಯಾಚೆ ಸಂಬಂಧ ಬೆಳೆಸಲು ಗಡಿಪಾಲನ ಕಾಗದ ಬೇಕೆಂಬ ಹಳೆಯ ಕಾನೂನನ್ನು ಇವನು ಹಿಡಿದು ಕೂತಿದ್ದ.

"ಗಡಿಪಾಲ ಎಲ್ಲಿದಾನ್ರೀ? ಹುದ್ದೇನೇ ಹೋಯ್ತಲ್ಲ."

"ಹೊಸಬ ಬರೋವರ್ಗೂ ಕಾಯೋಣ."

"ಬರೋದೇ ಇಲ್ಲ. ಈಗ ಇಬ್ರಿಗೂ ಒಬ್ನೇ ದೊರೆ."

"ದೊರೆ ಇವತ್ತು ಇರ್ತಾನೆ, ನಾಳೆ ಹೋಗ್ತಾನೆ. ಹಳ್ಳ ಎಲ್ಲಿಗ್ಹೋಗುತ್ತೆ?"

ಇಂಥವನೊಡನೆ ಏಗುವುದಕ್ಕಿಂತ ಕಲ್ಲಿಗೆ ತಲೆ ಚಚ್ಚಿಕೊಳ್ಳುವುದು ಮೇಲು. ಮಗಳು ಅಪ್ಪನೊಡನೆ ಮಾತು ಬಿಟ್ಟಳು. ಈ ವಾರ ಮದುವೆಯಾಗದಿದ್ದರೆ ಬೇರೆ ಹೆಣ್ಣು ನೋಡುತ್ತೇವೆಂದು ಗಂಡಿನ ಕಡೆಯವರು ಹೇಳಿಕಳಿಸಿದರು. ಮರಿಯನ್ ಗಂಜಿಯ ಬಟ್ಟಲನ್ನು ಗಂಡನ ಮುಂದೆ ಕುಕ್ಕಿದಳು.

"ನಾಳೆ ನಾನೇ ಕರ್ಕೊಂಡ್ಹೋಗಿ ಮದುವೆ ಮಾಡಿಸ್ತೀನಿ. ನೀವು ಇಲ್ಲೇ ಗಡಿ ಕಾಯ್ಕೊಂಡಿರಿ."

ಅವನು ತಲೆಯೆತ್ತಲಿಲ್ಲ. "ನಮ್ಮಣ್ಣನೂ ಹಿಂಗೇ ಹಟ ಮಾಡಿದ. ಕಾಗದ ಇಲ್ದೆ ಆ ಕಡೆ ಹೆಣ್ಣು ತಂದ. ನೇಣು ಹಾಕಿದ ದಿನ ಏಣಿ ಹಿಡ್ಕೊಂಡಿದ್ದೋನು ನಾನೇ ಕಣೇ. ಗಡಿಪಾಲರ ಆಳಾಗಿದ್ದೆ."

ಭಾವನನ್ನು ನೇಣಿಗೆ ಹಾಕಿದ್ದು ಕಣಿವೆಗೆಲ್ಲ ಗೊತ್ತಿತ್ತು. ಏಣಿಯ ಮಾತನ್ನು ಮೂವತ್ತು ವರ್ಷ ಸಂಸಾರ ಮಾಡಿದವಳೂ ಕೇಳಿರಲಿಲ್ಲ. ಅವಳ ಸಿಟ್ಟು ಇಳಿಯಲಿಲ್ಲ, ಆದರೆ ಕಣ್ಣು ತುಂಬಿತು.

ಮರುದಿನ ಅವನೂ ಬಂದ. ಮಗಳ ಪಕ್ಕದಲ್ಲಿ ನಿಲ್ಲದೆ, ಇಗರ್ಜಿಯ ಬಾಗಿಲಲ್ಲಿ ವಧೂವರರಿಗೆ ಬೆನ್ನು ಹಾಕಿ, ಯಾರಾದರೂ ಹಿಡಿಯಲು ಬರುತ್ತಾರೇನೋ ಎಂದು ದಾರಿ ನೋಡುತ್ತಲೇ ಇದ್ದ. ಯಾರೂ ಬರಲಿಲ್ಲ. ಮದುವೆ ಮುಗಿದ ಮೇಲೆ ಅವನು ಅಲ್ಲಿಯೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ.

ಅರಸರು ಒಂದು ಮುಂಜಾವಿನಲ್ಲಿ ಗಡಿಯನ್ನು ಅಳಿಸಬಲ್ಲರು. ಆ ಗಡಿಗಾಗಿ ಒಡಹುಟ್ಟಿದವನನ್ನೇ ಕಳೆದುಕೊಂಡ ಇಂಥ ಮೊಂಡರು, ಅದು ಅಳಿಸಬಹುದಾದ ಗೆರೆಯಾಗಿತ್ತೆಂದು ಯಾವ ಬಾಯಲ್ಲಿ ಒಪ್ಪಿಕೊಂಡಾರು?