ಅಲಾಫಿಯಾ ಬೀದಿಯ ಎರಡನೆಯ ಟ್ರಾನ್ಸ್‌ಫಾರ್ಮರ್

ಅಲಾಫಿಯಾ ಬೀದಿಯವರು ತಾವೇ ದುಡ್ಡು ಹಾಕಿ ಕೊಂಡಿದ್ದ ಟ್ರಾನ್ಸ್‌ಫಾರ್ಮರನ್ನು ವಿದ್ಯುತ್ ಕಂಪನಿಯವರು ಹೋದ ವರ್ಷ ಕಳಚಿ, ಲಾರಿಗೆ ಹೇರಿಕೊಂಡು ಹೋಗಿ, ಗುಡ್ಡದ ಮೇಲಿನ ಹೊಸ ಬಂಗಲೆಗಳ ಬಡಾವಣೆಯಲ್ಲಿ ಕೂರಿಸಿದರು. ಕೇಳಲು ಹೋದವರಿಗೆ ಕಂಪನಿಯವರು, ಬೀದಿಯ ಹಿರಿಯರೇ ಅದನ್ನು ದಾನ ಮಾಡಿ ಸಹಿ ಹಾಕಿದ್ದ ಕಾಗದ ತೋರಿಸಿದರು.

ಈಗ ಬೀದಿಯವರು ಇನ್ನೊಂದು ಕೊಂಡಿದ್ದರು. ಅದಕ್ಕಾಗಿ ಮನೆಮನೆ ತಿರುಗಿ ಚಂದಾ ಎತ್ತಿದವಳು ಇಯಾ ಮೊರೆನಿಕೆ. ಮೊರೆನಿಕೆಯ ತಾಯಿ ಎಂಬರ್ಥದ ಆ ಹೆಸರಿನಿಂದಲೇ ಇಬಾದಾನ್ ನಗರದ ಆ ಕಡೆಯವರೆಲ್ಲ ಅವಳನ್ನು ಕರೆಯುತ್ತಿದ್ದರು. ಮಂಜುಗಟ್ಟಿದ ಮೀನು ಮಾರುವವಳು. ಕರೆಂಟಿಲ್ಲದೆ ಅವಳ ದೊಡ್ಡ ಫ್ರೀಜರ್ ಬಟ್ಟೆ ತುಂಬುವ ಪೆಟ್ಟಿಗೆಯಾಗಿತ್ತು. ಮನೆ ಇದ್ದವರಷ್ಟೇ ಅಲ್ಲ, ನಾಳೆ ಖಾಲಿ ಮಾಡಿಸಿದರೆ ಮಡಕೆ ಹೊತ್ತು ಹೊರಡಬೇಕಾದ ಬಾಡಿಗೆಯವರೂ ಕೊಟ್ಟಿದ್ದರು. "ಇದು ಇಲ್ಲಿಂದ ಅಲ್ಲಾಡಲ್ಲ" ಎಂದು ಪ್ರತಿ ಬಾಗಿಲಲ್ಲೂ ಅವಳು ಮಾತು ಕೊಟ್ಟಿದ್ದಳು.

ಚಾಲೂ ಮಾಡುವ ದಿನ ಬೀದಿಯಲ್ಲಿ ಶಾಮಿಯಾನ ಎದ್ದಿತು. ಎಲ್ಲರೂ ಒಂದೇ ಹಸಿರು ಬಟ್ಟೆಯಲ್ಲಿ ಅಂಗಿ, ಲಂಗ, ತಲೆಗಟ್ಟು ಹೊಲಿಸಿಕೊಂಡಿದ್ದರು. ಜೊಲ್ಲೊಫ್ ಅನ್ನದ ಹಂಡೆ ಹೊಗೆಯಾಡುತ್ತಿತ್ತು. ಅಲ್ಲಿ ಮಾಡಿದ ತಪ್ಪು ಇದೇ: ಹಬ್ಬ ಮೊದಲು, ಮಾತುಕತೆ ಆಮೇಲೆ. ಅಷ್ಟು ಜನ ಒಂದೇ ಬಟ್ಟೆಯಲ್ಲಿ ಕುಣಿಯುತ್ತಿರುವಾಗ ನಡುವೆ ನಿಂತು 'ಇಲ್ಲ' ಎನ್ನುವ ಗಂಟಲು ಯಾರಿಗಿದ್ದೀತು? ಕಂಪನಿಯ ಎಂಜಿನಿಯರ್ ಲಡಾಪೊ ಇದನ್ನು ಬಲ್ಲವನು. ಊಟವಾಗುವವರೆಗೂ ಸಹಿ ಮಾಡಿಸುವ ಕಾಗದ ಹೊರಗೆ ತೆಗೆಯಲಿಲ್ಲ.

ಮಾತಿನ ಏರಿಳಿತವನ್ನೇ ನುಡಿಸುವ ಡೋಲಿನವನು ಎಂಜಿನಿಯರನ ವಂಶವನ್ನೆಲ್ಲ ಹೊಗಳಿ ಬಾರಿಸಿದ. ಬೀದಿಯ ಸಂಘದ ಅಧ್ಯಕ್ಷ ಬಾಬಾ ಒಯೆವೊಲೆ ಕುಣಿಯುತ್ತ ಹೋಗಿ, ಮರ್ಯಾದೆಯ ರೂಢಿಯಂತೆ ಅವನ ಹಣೆಗೆ ನೈರಾ ನೋಟು ಅಂಟಿಸಿದರು.

"ನೋಡಿ, ಅದಕ್ಕೂ ನಮ್ಮದೇ ಚಂದಾ" ಎಂದ ಕ್ಷೌರದ ಕಝೀಮ್. "ಎಣ್ಣೆ ನಮ್ಮದು, ಒಲೆ ನಮ್ಮದು, ಬೋಂಡ ಮಾತ್ರ ಅವನ ಬಾಯಿಗೆ."

"ಸುಮ್ನೆ ತಿನ್ನೋ, ನಿನ್ನ ಬಾಯಲ್ಲೂ ಇದೆಯಲ್ಲ ಮಾಂಸ" ಎಂದಳು ಇಯಾ ಮೊರೆನಿಕೆ.

ಆಗ ಕಾಗದ ಮೇಜಿಗೆ ಬಂತು. ಟ್ರಾನ್ಸ್‌ಫಾರ್ಮರ್, ಕಂಬ, ತಂತಿ ಎಲ್ಲವನ್ನೂ ಬೀದಿಯವರು ಸ್ವಂತ ಇಚ್ಛೆಯಿಂದ ಕಂಪನಿಗೆ ಕೊಡುತ್ತಿದ್ದಾರೆ ಎಂದು ಅದರಲ್ಲಿತ್ತು. ಅಧ್ಯಕ್ಷರು ಸಹಿ ಹಾಕಿದರು, ಕಾರ್ಯದರ್ಶಿ ಹಾಕಿದ. ಚಂದಾದ ಲೆಕ್ಕ ಇಟ್ಟ ಇಯಾ ಮೊರೆನಿಕೆಯ ಸಹಿಯೊಂದು ಬಾಕಿ.

"ಒಂದು ಸಾಲು ಸೇರಿಸಿ ಸಾರ್" ಎಂದಳು ಅವಳು. "ಬೀದಿಯವರನ್ನ ಕೇಳದೆ ಇದನ್ನ ಇಲ್ಲಿಂದ ಎತ್ತಬಾರದು ಅಂತ."

ಲಡಾಪೊ ನಕ್ಕ. "ಅಮ್ಮಾ, ಇದು ಹೆಡ್ ಆಫೀಸಿನ ಕಾಗದ. ನಾನೇ ಒಂದು ಚುಕ್ಕೆ ಇಡೋ ಹಾಗಿಲ್ಲ. ಸಹಿ ಇಲ್ಲದೆ ಸ್ವಿಚ್ ಹಾಕೋ ಹಾಗೂ ಇಲ್ಲ."

"ಕೊಂಡದ್ದು ನಾವು. ಕಂಬಕ್ಕೆ ಗುಂಡಿ ತೋಡಿದ್ದು ನಾವು. ಕೆಟ್ಟರೆ ರಿಪೇರಿಗೂ ನಮ್ಮ ಹತ್ರಾನೇ ಬರ್ತೀರಿ. ನಿಮ್ಮದು ಅಂತ ಇರೋದು ಬಿಲ್ ಒಂದೇ."

"ಹಾಗಾದ್ರೆ ಕತ್ತಲಲ್ಲೇ ಇರಿ. ನಾನು ಹೊರಟೆ, ಮತ್ತೆ ಯಾವಾಗ ಬರ್ತೀನೋ ಗೊತ್ತಿಲ್ಲ."

ಡೋಲು ನಿಂತಿತು. ಹಸಿರು ತಲೆಗಟ್ಟುಗಳೆಲ್ಲ ಅವಳತ್ತ ತಿರುಗಿದವು. ಹೊಲಿಗೆಯವಳು ಮೆಲ್ಲಗೆ, "ಅಕ್ಕಾ, ನನ್ನ ಮಷಿನ್ನು ಧೂಳು ತಿಂತಿದೆ. ಹಾಕಿಬಿಡು" ಎಂದಳು. ಇಯಾ ಮೊರೆನಿಕೆಗೆ ತನ್ನ ಮೀನೂ ನೆನಪಾಯಿತು. ಬೆಳಿಗ್ಗೆ ಸಾಲದ ಮೇಲೆ ತಂದ ಎರಡು ಪೆಟ್ಟಿಗೆ, ಕರಗಿ ನೀರು ಬಿಡುತ್ತಿತ್ತು. ಸಂಜೆಯೊಳಗೆ ಕರೆಂಟ್ ಬರದಿದ್ದರೆ ನಾಯಿಗೂ ಬೇಡವಾಗುವ ಮಾಲು. ಸಹಿಯ ಒಂದು ಗೀಟು ಎಳೆದರೆ ಮೀನು ಉಳಿಯುತ್ತದೆ, ಕರೆಂಟೂ ಇರುತ್ತದೆ. ಗುಡ್ಡದ ಮೇಲೆ ಇನ್ನೊಂದು ಬಡಾವಣೆ ಏಳುವವರೆಗೆ.

ಬಾಬಾ ಒಯೆವೊಲೆ ಎದ್ದು ಬಂದರು. ಅವಳ ತಂದೆಯ ವಯಸ್ಸಿನವರು. ಅವಳ ಮಗಳ ನಾಮಕರಣದಲ್ಲಿ ಮೊದಲು ಹರಸಿದವರು.

"ಮಗಳೇ, ಊರಿನೆದುರು ನನ್ನ ಮಾನ ಕಳೀಬೇಡ. ಹಿರಿಯನಾಗಿ ಹೇಳ್ತಿದ್ದೀನಿ. ಸಹಿ ಹಾಕು."

ಇಯಾ ಮೊರೆನಿಕೆ ಲಂಗ ಸರಿಪಡಿಸಿಕೊಂಡು, ಹಿರಿಯರ ಮುಂದೆ ಹೆಣ್ಣುಮಕ್ಕಳು ಮಾಡುವಂತೆ ಎರಡೂ ಮೊಣಕಾಲೂರಿದಳು. ಶಾಮಿಯಾನದ ಅಡಿಯಲ್ಲಿ ಎಲ್ಲರಿಗೂ ನಿರಾಳವಾಯಿತು. ಡೋಲಿನವನು ಕೋಲು ಎತ್ತಿಕೊಂಡ. ಲಡಾಪೊ ಪೆನ್ನಿನ ಮುಚ್ಚಳ ತೆಗೆದು ಅವಳತ್ತ ಚಾಚಿದ.

"ಬಾಬಾ, ನಿಮ್ಮ ಮುಂದೆ ಮೊಣಕಾಲೂರೋದರಲ್ಲಿ ನನಗೆ ನಾಚಿಕೆಯಿಲ್ಲ. ಹೋದ ಸಲ ನೀವು ಸಹಿ ಹಾಕಿದಿರಿ, ಬೀದಿ ಕತ್ತಲಾಯ್ತು. ನಾನು ನಿಮ್ಮನ್ನ ಒಂದು ಮಾತೂ ಅನ್ನಲಿಲ್ಲ. ಈ ಸಲ ಮಾತು ಕೊಟ್ಟವಳು ನಾನು."

"ಪೆನ್ನು ತಗೋ, ಮಗಳೇ."

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗೊಳ್ಳಲ್ಲ, ಬಾಬಾ."